ವರ್ಕಿ ಚೇಟನ್ ಅವರ ಸ್ಟೆಪ್ನಿ

ಕಡಬ ಆಗಷ್ಟೇ ತಾಲೂಕು ಕೇಂದ್ರವಾಗಿತ್ತು. ನಾನು ಅಲ್ಲಿನ ಬ್ಯಾಂಕ್ ಶಾಖೆಯೊಂದರ ಮ್ಯಾನೇಜರ್. ಮನೆ ಪುತ್ತೂರಿನಲ್ಲಿ, ದಿನವೂ ಬಸ್ಸು. ನಿವೃತ್ತಿಗೆ ಮೂರೇ ವರ್ಷ ಉಳಿದಿದ್ದರೂ ನಾಲಿಗೆ ಸ್ವಲ್ಪವೂ ಮೆತ್ತಗಾಗಿರಲಿಲ್ಲ. ಎಸ್.ಬಿ., ಅಂದರೆ ಉಳಿತಾಯ ಖಾತೆಯಲ್ಲಿ ಯಾರದ್ದಾದರೂ ಹಣ ಸುಮ್ಮನೆ ಬಿದ್ದಿರುವುದು ಕಂಡರೆ ನನಗೆ ಮೈ ಉರಿಯುತ್ತಿತ್ತು.

ಒಂದು ದಿನ ಜೀಪಿನ ವರ್ಕಿ ಚೇಟನ್ ಬಂದರು. ಚೇಟನ್ ಎಂದರೆ ಮಲಯಾಳದಲ್ಲಿ ಅಣ್ಣ. ಊರಿಗೆಲ್ಲ ಅವರು ಅಣ್ಣನೇ. ಮೂವತ್ತು ವರ್ಷದಿಂದ ಕಡಬದ ಸ್ಟ್ಯಾಂಡಿನಿಂದ ಹಳ್ಳಿಗಳಿಗೆ ಜನ ಸಾಗಿಸಿದವರು. ಎರಡು ವರ್ಷದೊಳಗೆ ಇನ್ನೊಂದು ಜೀಪು ಕೊಳ್ಳಲು ಐದು ಲಕ್ಷ ಕೂಡಿಟ್ಟಿದ್ದರು. ಯಾರೋ ಒಬ್ಬ ತಿಂಗಳಿಗೆ ನೂರಕ್ಕೆ ಎರಡು ರೂಪಾಯಿ ಬಡ್ಡಿ ಕೊಡುತ್ತೇನೆಂದು ಬೆನ್ನು ಬಿದ್ದಿದ್ದನಂತೆ.

"ಎಂತ ಮಾಡುದು ಮೇಡಂ?"

"ಅಷ್ಟು ಬಡ್ಡಿ ಅವನಿಗೆ ಎಲ್ಲಿಂದ ಬರ್ತದೆ ಅಂತ ಕೇಳಿದ್ರಾ? ಅಸಲೇ ಹೋದ್ರೆ ಜೀಪು ತೆಗೊಳ್ಳುದು ಹೇಗೆ?" ಎಂದೆ.

ಇಲ್ಲಿಯವರೆಗೆ ನಾನು ಹೇಳಿದ್ದು ಸರಿಯೇ. ಆಮೇಲೆ ಚೇಟನ್, "ಹಾಗಾದ್ರೆ ನಾಲ್ಕೂವರೆ ಲಕ್ಷ ಎಫ್.ಡಿ. ಮಾಡಿ. ಐವತ್ತು ಸಾವಿರ ಎಸ್.ಬಿ.ಯಲ್ಲೇ ಇರಲಿ" ಎಂದರು. ನಾನು ಕ್ಯಾಲ್ಕುಲೇಟರ್ ಎಳೆದುಕೊಂಡೆ. ಎಸ್.ಬಿ.ಗೆ ಶೇಕಡಾ ಮೂರೂವರೆ, ನಿಶ್ಚಿತ ಠೇವಣಿಗೆ ಏಳು.

"ವರ್ಷಕ್ಕೆ ಸಾವಿರದ ಏಳುನೂರೈವತ್ತು ರೂಪಾಯಿ ಸುಮ್ಮನೆ ಬಿಟ್ಟುಬಿಡ್ತೀರಾ ಮಾರಾಯ್ರೆ?"

"ಮೇಡಂ, ಸ್ಟೆಪ್ನಿ ಟಯರು ಓಡುದಿಲ್ಲ. ಆದ್ರೆ ಅದಿಲ್ಲದೆ ನಾನು ಸ್ಟ್ಯಾಂಡಿನಿಂದ ಗಾಡಿ ತೆಗಿಯುದಿಲ್ಲ."

ನಾನು ನಕ್ಕುಬಿಟ್ಟೆ. ನನ್ನ ಲೆಕ್ಕದ ಎದುರು ಬದಲಿ ಟಯರಿನ ಮಾತೇ! ಕೊನೆಗೆ ಅವರು, "ಮೇಡಂ ಹೇಳಿದ ಮೇಲೆ ಆಯ್ತು" ಎಂದು ಐದು ಲಕ್ಷಕ್ಕೂ ಸಹಿ ಹಾಕಿದರು. ಒಂದೇ ರಸೀದಿ, ಎರಡು ವರ್ಷ.

ನಾಲ್ಕು ತಿಂಗಳು ಕಳೆದಿರಬೇಕು. ಎರಡನೇ ಶನಿವಾರ, ಬ್ಯಾಂಕಿಗೆ ರಜೆ. ಬೆಳಗ್ಗೆ ದೋಸೆ ಹುಯ್ಯುತ್ತಿದ್ದಾಗ ಫೋನು ಬಂತು. ಚೇಟನ್ ಪುತ್ತೂರಿನ ಆಸ್ಪತ್ರೆಯಲ್ಲಿದ್ದರು. ಹೆಂಡತಿ ಲೀಲಮ್ಮನ ಅಪೆಂಡಿಕ್ಸ್ ಒಡೆದಿತ್ತು, ಕೂಡಲೇ ಆಪರೇಷನ್ ಆಗಬೇಕು, ನಲವತ್ತು ಸಾವಿರ ಕಟ್ಟಬೇಕು. ಕೈಯಲ್ಲಿದ್ದದ್ದು ಆರು ಸಾವಿರ.

"ಮೇಡಂ, ನನ್ನ ಹಣ ಸ್ವಲ್ಪ ಈಗ ಸಿಗ್ತದಾ?"

ಐದು ಲಕ್ಷದ ಒಡೆಯ ಹಾಗೆ ಕೇಳುತ್ತಿದ್ದರು. ಸೋಮವಾರದವರೆಗೆ ಆ ರಸೀದಿಯಿಂದ ಒಂದು ರೂಪಾಯಿಯನ್ನೂ ನಾನು ಬಿಡಿಸುವಂತಿರಲಿಲ್ಲ. ಒಲೆ ಆರಿಸಿ, ಎ.ಟಿ.ಎಂ.ನಲ್ಲಿ ನನ್ನ ಕಾರ್ಡಿಗೆ ದಿನಕ್ಕಿದ್ದ ಮಿತಿ ನಲವತ್ತು ಸಾವಿರವನ್ನೂ ತೆಗೆದು ಓಡಿದೆ. ಅಯ್ಯೋ, ಆ ಆಟೋದಲ್ಲಿ ನನ್ನನ್ನು ನಾನೇ ಬೈದುಕೊಂಡದ್ದು ನನಗೇ ಗೊತ್ತು.

ಲೀಲಮ್ಮನನ್ನು ಒಳಗೆ ಕರೆದೊಯ್ದ ಮೇಲೆ ಇಬ್ಬರೂ ಬೆಂಚಿನಲ್ಲಿ ಕುಳಿತೆವು. ಚೇಟನ್ ಮೆಲ್ಲಗೆ ಕೇಳಿದರು, "ಇದು ಯಾವ ಹಣ ಮೇಡಂ?"

"ನನ್ನದೇ. ಎಸ್.ಬಿ.ಯಲ್ಲಿ ಇತ್ತು."

ಅವರು ಅಂದರು, "ಹಾಗಾದ್ರೆ ನಿಮಗೆ ಸ್ಟೆಪ್ನಿ ಉಂಟು."

ಆ ದನಿಯಲ್ಲಿ ಕುಹಕವಿರಲಿಲ್ಲ, ಮೇಡಂಗಾದರೂ ಇದೆಯಲ್ಲ ಎಂಬ ಸಮಾಧಾನವಿತ್ತು. ಅದಕ್ಕೇ ನನಗೆ ಅಷ್ಟು ನಾಚಿಕೆಯಾಯಿತು. ಊರವರಿಗೆಲ್ಲ ಬೇಡವೆಂದದ್ದನ್ನು ನಾನು ವರ್ಷಗಟ್ಟಲೆ ನನ್ನ ಖಾತೆಯಲ್ಲಿ ಇಟ್ಟುಕೊಂಡಿದ್ದೆ, ಯೋಚನೆ ಕೂಡ ಮಾಡದೆ.

ಲೀಲಮ್ಮ ಉಳಿದರು. ಸೋಮವಾರ ಚೇಟನ್ ಬ್ಯಾಂಕಿಗೆ ಬಂದರು. ಒಂದೇ ರಸೀದಿಯಾದ್ದರಿಂದ ಐದು ಲಕ್ಷವನ್ನೂ ಅವಧಿಗೆ ಮೊದಲೇ ಒಡೆಯಬೇಕಾಯಿತು. ಬಡ್ಡಿಯಲ್ಲಿ ದಂಡವೂ ಹೋಯಿತು. ನನ್ನ ನಲವತ್ತು ಸಾವಿರ ಮೊದಲು ಮೇಜಿನ ಮೇಲೆ ಇಟ್ಟೇ ಅವರು ಕುಳಿತದ್ದು. ಉಳಿದದ್ದಕ್ಕೆ ನಾನೇ ಫಾರ್ಮ್ ತುಂಬಿದೆ, ಈ ಸಲ ಸಣ್ಣ ಸಣ್ಣ ರಸೀದಿಗಳು. ಹಣ ಮುಳುಗದಿದ್ದರೆ ಸಾಲದು, ಬೇಕಾದ ದಿನ ಕೈಗೆ ಬರಬೇಕು. ಮೂವತ್ತೈದು ವರ್ಷದ ನೌಕರಿ ಕಲಿಸದ ಈ ಪಾಠವನ್ನು ಆಸ್ಪತ್ರೆಯ ಬೆಂಚು ಕಲಿಸಿತ್ತು.

ಕೊನೆಯ ಕಾಲಂಗೆ ಬಂದಾಗ ಪೆನ್ನು ನಿಲ್ಲಿಸಿ, "ಎಸ್.ಬಿ.ಯಲ್ಲಿ ಎಷ್ಟು ಬಿಡುದು ಚೇಟಾ?" ಎಂದು ಕೇಳಿದೆ.

"ನಿಮ್ಮದರಲ್ಲಿ ಎಷ್ಟು ಉಂಟೋ, ಅಷ್ಟು."