ಶಾಂತಮ್ಮನವರ ಕಾಲಿಗಾಗಿ ಮೈಸೂರಿಗೆ

ಮಂಗಳವಾರ ಬೆಳಿಗ್ಗೆ ಏಳೂವರೆಯ ಬಸ್ಸಿಗೆ ಹುಣಸೂರಿನಿಂದ ಹೊರಟೆವು. ಮೈಸೂರಿಗೆ ನಲವತ್ತೈದು ಕಿಲೋಮೀಟರ್. ಸೀಟು ಸಿಕ್ಕಿದರೆ ಸುಖ, ಸಿಗದಿದ್ದರೆ ತಪಸ್ಸು. ಹೆಂಗಸರಿಗೆ ಬಸ್ಸು ಉಚಿತವಾದ್ದರಿಂದ ನಾನೊಬ್ಬನೇ ಟಿಕೆಟ್ಟಿಗೆ ದುಡ್ಡು ಕೊಟ್ಟೆ. ಪಕ್ಕದಲ್ಲಿ ನಮ್ಮ ಚರ್ಚಿನ ಶಾಂತಮ್ಮನವರು, ಬಲಗಾಲನ್ನು ಹಳೇ ಸೀರೆಯ ತುಂಡಿನಲ್ಲಿ ಸುತ್ತಿಕೊಂಡು ಕೂತಿದ್ದರು.

ನಾನು ಆ ಸಣ್ಣ ಚರ್ಚಿನ ಪಾಸ್ಟರ್. ಮೂರು ತಿಂಗಳ ಹಿಂದೆ ಅವರ ಸಕ್ಕರೆ ಕಾಯಿಲೆಗಾಗಿ ಉಪವಾಸ ಪ್ರಾರ್ಥನೆ ಮಾಡಿಸಿದ್ದೆ. "ಮೈ ಹಗುರಾದಂಗೆ ಅನ್ನಿಸ್ತದೆ" ಎಂದರು. ನನಗೆ ಅಷ್ಟೇ ಸಾಕಾಯಿತು. ಮುಂದಿನ ಭಾನುವಾರವೇ ಎಲ್ಲರೆದುರು ನಿಲ್ಲಿಸಿ, ದೇವರು ಗುಣಪಡಿಸಿದರೆಂದು ಸಾಕ್ಷಿ ಹೇಳಿಸಿದೆ. "ಇನ್ನು ಮಾತ್ರೆ ಯಾಕೆ?" ಎಂದು ಬಾಲ ಸೇರಿಸಿದವನೂ ನಾನೇ. ಜನ ಚಪ್ಪಾಳೆ ತಟ್ಟಿದರು. ಅದರಲ್ಲಿ ನನ್ನದೂ ಒಂದು ಪಾಲಿದೆ ಎಂದುಕೊಂಡು ಬೀಗಿದೆ. ಮೊನ್ನೆ ಅವರ ಮನೆಗೆ ಹೋದಾಗ ಕಾಲಿನ ಹುಣ್ಣಿನ ವಾಸನೆ ಬಾಗಿಲಲ್ಲೇ ಎದುರಾಯಿತು. ಕಾಲು ತೆಗೆಯಬೇಕಾಗಿ ಬಂದರೆ ಗತಿಯೇನೆಂದು ಆ ಹೊತ್ತಿನಿಂದ ನನಗೆ ಅನ್ನ ಸೇರಿರಲಿಲ್ಲ.

ಬಿಳಿಕೆರೆ ದಾಟಿದ ಮೇಲೆ ಅವರೇ ಮಾತು ತೆಗೆದರು. "ಈಗ ಆಸ್ಪತ್ರೆಗೋದ್ರೆ ದೇವ್ರಿಗೆ ಕೆಟ್ಟೆಸ್ರು ಬರಲ್ವಾ ಪಾಸ್ಟರೇ? ನಾನೇ ಎದ್ದು ನಿಂತು ಗುಣ ಆಯ್ತು ಅಂದ್ಬುಟ್ಟಿವ್ನಿ."

ಕೆಟ್ಟ ಹೆಸರು ಯಾರಿಗೆ ಬರುತ್ತದೆಂಬುದು ನನಗೆ ಚೆನ್ನಾಗಿ ಗೊತ್ತಿತ್ತು. ಕಿಟಕಿಯಾಚೆ ನೋಡಿದೆ. ಮೋಡ ಕವಿದಿತ್ತು, ಮಳೆ ಇರಲಿಲ್ಲ. ಹಿನಕಲ್‌ನಲ್ಲಿಳಿದು ಆಟೋ ಹಿಡಿದು, ಜಯಲಕ್ಷ್ಮಿಪುರಂನ ಸಣ್ಣ ಆಸ್ಪತ್ರೆಯೊಂದಕ್ಕೆ ಬಂದೆವು.

ಬೆಂಚುಗಳು ಆಗಲೇ ತುಂಬಿದ್ದವು. ಶಾಂತಮ್ಮನವರನ್ನು ಒಂದು ಮೂಲೆಯಲ್ಲಿ ಕೂರಿಸಿ, ನಾನು ಗೋಡೆಗೊರಗಿ ಕಣ್ಣು ಮುಚ್ಚಿದೆ. ಮನಸ್ಸಿನಲ್ಲೇ ಮಾಡಿದರೂ ನನ್ನ ಪ್ರಾರ್ಥನೆ ಚಿಕ್ಕದಲ್ಲ. ಕಣ್ಣು ಬಿಟ್ಟಾಗ ನಮ್ಮ ಹಿಂದೆ ಬಂದ ನಾಲ್ವರು ಒಳಗೆ ಹೋಗಿ ಬಂದಾಗಿತ್ತು. ಹಣೆ ತುಂಬ ವಿಭೂತಿ ಧರಿಸಿದ್ದ ಒಬ್ಬ ಹೆಂಗಸು ನನ್ನನ್ನೇ ನೋಡುತ್ತಿದ್ದರು.

"ಟೋಕನ್ ತಗೊಂಡ್ರಾ?"

"ಟೋಕನ್ನಾ?"

"ಅಯ್ಯೋ ಸ್ವಾಮಿ, ಇಲ್ಲಿ ದೇವ್ರೇ ಬಂದ್ರೂ ಟೋಕನ್ ಇಲ್ದೆ ಒಳೀಕ್ ಬುಡಕ್ಕಿಲ್ಲ ಕಣ್ರೀ. ಓಗಿ, ಆ ಕಿಟ್ಕಿ ತಾವ ಕೊಡ್ತಾರೆ."

ಟೋಕನ್ ತಂದು ಪೆಚ್ಚು ಮೋರೆ ಹಾಕಿಕೊಂಡು ಕೂತೆ. ಅಷ್ಟರಲ್ಲಿ ಇಬ್ಬರು ಹೆಂಗಸರಿಗೂ ಗೆಳೆತನವಾಗಿತ್ತು. ವಿಭೂತಿಯ ಹೆಂಗಸು ಕುಂಬಾರಕೊಪ್ಪಲಿನವರು. ಶಾಂತಮ್ಮನವರು ಮಾತ್ರೆ ಬಿಟ್ಟ ಕಥೆ ಕೇಳಿ ಕೆನ್ನೆಗೆ ಕೈಯಿಟ್ಟರು. "ನಮ್ಮ ಮಠದ ಬುದ್ಧಿಯೋರ್ಗೂ ಸಕ್ಕರೆ ಕಾಯ್ಲೆ ಐತೆ ಕಣಮ್ಮ. ದಿನಾ ಲಿಂಗಪೂಜೆನೂ ಬುಡಲ್ಲ, ಮಾತ್ರೆನೂ ಬುಡಲ್ಲ."

ಬೈಬಲ್ ಕಾಲೇಜಿನ ಮೂರು ವರ್ಷದಲ್ಲಿ ಯಾರೂ ನನಗೆ ಇಷ್ಟು ಸಲೀಸಾಗಿ ಪಾಠ ಹೇಳಿರಲಿಲ್ಲ.

ಹನ್ನೊಂದೂವರೆಗೆ ನಮ್ಮ ಸರದಿ ಬಂತು. ಡಾಕ್ಟರು ನಡುವಯಸ್ಸಿನ ಹೆಂಗಸು. ಬಟ್ಟೆ ಬಿಚ್ಚಿಸಿ ನೋಡಿ ಮುಖ ಗಂಟಿಕ್ಕಿದರು. "ಮಾತ್ರೆ ಯಾಕಮ್ಮ ನಿಲ್ಲಿಸಿದ್ರಿ?"

ಶಾಂತಮ್ಮನವರು ನನ್ನ ಕಡೆ ಒಮ್ಮೆ ನೋಡಿ ತಲೆ ತಗ್ಗಿಸಿದರು. "ಮರ್ತೋಯ್ತು ಮೇಡಂ."

ನನ್ನ ಮರ್ಯಾದೆ ಕಾಯಲು ಆ ತಾಯಿ ಸುಳ್ಳು ಹೇಳಿದ್ದರು, ಅದೂ ಕೊಳೆಯುತ್ತಿರುವ ಕಾಲನ್ನು ಮುಂದೆ ಚಾಚಿಕೊಂಡು. ನನಗೆ ಅಳು ಬಂದುಬಿಟ್ಟಿತು. "ಅವರು ಮರೆತಿಲ್ಲ ಮೇಡಂ. ನಾನೇ ಬಿಡಿಸಿದ್ದು. ನಾನು ಅವರ ಪಾಸ್ಟರ್" ಎಂದೆ.

ಬೈಗುಳಕ್ಕೆ ಕಾದೆ. ಅವರು ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು. "ನಾವು ಹೇಳಿದ್ರೆ ಇವರು ಅರ್ಧ ಕೇಳ್ತಾರೆ. ನೀವು ಹೇಳಿದ್ರೆ ಪೂರ್ತಿ ಕೇಳ್ತಾರೆ. ಇನ್ನು ಮೇಲೆ ನೀವೇ ಹೇಳಿ."

ಎಕ್ಸ್‌ರೇ, ರಕ್ತ ಪರೀಕ್ಷೆ ಎಲ್ಲ ಮುಗಿಯುವಾಗ ಎರಡು ಗಂಟೆ. ಹುಣ್ಣು ಮೂಳೆಗಿಳಿದಿರಲಿಲ್ಲ. ದಿನ ಬಿಟ್ಟು ದಿನ ಡ್ರೆಸ್ಸಿಂಗ್, ದಿನಾ ಇನ್ಸುಲಿನ್. ತಪ್ಪದೆ ಮಾಡಿದರೆ ಕಾಲು ಉಳಿಯುತ್ತದೆ ಎಂದರು. ಹೊರಗೆ ಬಂದು ಮೆಟ್ಟಿಲ ಬಳಿ ಇಬ್ಬರೂ ದೇವರಿಗೆ ಸ್ತೋತ್ರ ಹೇಳಿದೆವು. ಪಕ್ಕದ ಹೋಟೆಲಿನಲ್ಲಿ ಅನ್ನ, ಸಾರು, ಹುರುಳಿಕಾಯಿ ಪಲ್ಯ. ಎರಡು ದಿನದ ಮೇಲೆ ಅನ್ನ ರುಚಿಸಿತು.

ಹಿಂತಿರುಗುವ ಬಸ್ಸಿನಲ್ಲಿ ಸೀಟು ಸುಲಭವಾಗಿ ಸಿಕ್ಕಿತು. "ಭಾನುವಾರ ನಾನು ಏನಂತ ಸಾಕ್ಷಿ ಹೇಳ್ಲಿ?" ಎಂದು ಶಾಂತಮ್ಮನವರು ಕೇಳಿದರು.

"ನೀವು ಹೇಳೋದು ಬೇಡಮ್ಮ. ತಪ್ಪು ನಂದು. ನಾನೇ ಎದ್ದು ನಿಂತು ಹೇಳ್ತೀನಿ."

ಅವರು ನನ್ನತ್ತ ಬಾಗಿದರು. "ಭಾನುವಾರದವರ್ಗೂ ಕಾಯ್ಬೇಡಿ ಪಾಸ್ಟರೇ. ನನ್ನ ಸಾಕ್ಷಿ ಕೇಳಿ ಸಮುವೇಲಪ್ಪನೂ ಬೀಪಿ ಮಾತ್ರೆ ಬುಟ್ಬುಟ್ಟವ್ರೆ."

ಹುಣಸೂರಿನಲ್ಲಿಳಿದು ಅವರನ್ನು ಆಟೋ ಹತ್ತಿಸಿದವನು ಮನೆಗೆ ಹೋಗಲಿಲ್ಲ. ನೇರ ಸಮುವೇಲಪ್ಪನವರ ಬಾಗಿಲು ತಟ್ಟಿದೆ. ನನ್ನನ್ನು ಕಂಡು ಅವರ ಮುಖ ಅರಳಿತು. "ಬನ್ನಿ ಪಾಸ್ಟರೇ, ಪ್ರಾರ್ಥ್ನೆಗಾ?"

"ಹೂಂ, ಪ್ರಾರ್ಥನೆಗೇ. ನಿಮ್ಮ ಮಾತ್ರೆ ಡಬ್ಬಿ ತಗೊಂಡು ಬನ್ನಿ, ಕೈಯಲ್ಲಿ ಹಿಡ್ಕೊಂಡೇ ಮಾಡೋಣ" ಎಂದೆ.