ಎಲ್ಲಾ ಪ್ಯಾರಾನೂ ‘ಅಬೌವ್ ಆಲ್’

ಹೋದ ಸೋಮವಾರ ನನ್ನನ್ನು ಚಿತ್ರದುರ್ಗಕ್ಕೆ ಎತ್ತಂಗಡಿ ಮಾಡಿದರು. ಗುರುವಾರ ಅದು ನಿಂತಿತು. ಉಸ್ಸಪ್ಪಾ! ನಡುವೆ ನಡೆದದ್ದನ್ನು ಹೇಳುತ್ತೇನೆ, ನಗಬೇಡಿ. (ನೀವೂ ಇಂಥ ಅರ್ಜಿ ಬರೆದವರೇ.)

ವರ್ಗದ ಆರ್ಡರ್ ಕೈಗೆ ಬಂದಾಗ ನನ್ನಾಕೆಗೆ ಎಂಟು ತಿಂಗಳು. ಹೋದ ಸಲದ ಮಗು ಉಳಿಯಲಿಲ್ಲ. ತವರಿಗೆ ಕಳಿಸೋಣವೆಂದರೆ ಅಲ್ಲಿ ಅವಳ ತಾಯಿಯೇ ಇಲ್ಲ. “ಹೆರಿಗೆ ಆಗೋವರೆಗೂ ಇವರನ್ನ ಅಲುಗಾಡಿಸಬೇಡಿ, ಒಬ್ಬರನ್ನೇ ಬಿಡಲೂ ಬೇಡಿ” ಅಂತ ಡಾಕ್ಟರಮ್ಮ ಖಡಾಖಂಡಿತವಾಗಿ ಹೇಳಿದ್ದರು. ಹೇಗಾದರೂ ವರ್ಗ ನಿಲ್ಲಿಸಲೇಬೇಕಿತ್ತು.

ಗುಮಾಸ್ತನಲ್ಲವೇ? ಅರ್ಜಿ ಬರೆಯಲು ಕೂತೆ. ಇಂಗ್ಲಿಷಿನಲ್ಲಿ! ಕನ್ನಡದಲ್ಲಿ ಬರೆದರೆ ಸಾಹೇಬರು ಓದುವುದಿಲ್ಲ ಅಂತ ನಾವು ನಾವೇ ತೀರ್ಮಾನ ಮಾಡಿಕೊಂಡುಬಿಟ್ಟಿದ್ದೇವೆ. ರಾಜಾಜಿನಗರದ ಹೊಸ ಮನೆಗೆ ಇನ್ನೂ ಸುಣ್ಣ ಹೊಡೆಸಿಲ್ಲ. ಅದಕ್ಕೊಂದು ‘ಅಬೌವ್ ಆಲ್’. ಚಿತ್ರದುರ್ಗದ ನೀರು ನನಗೆ ಒಗ್ಗುವುದಿಲ್ಲ. ಅದಕ್ಕೊಂದು ‘ಮೋರ್ ಇಂಪಾರ್ಟೆಂಟ್ಲಿ’. ನನ್ನ ಸೊಂಟನೋವಿಗೆ ‘ಇಟ್ ಮಸ್ಟ್ ಬಿ ಸ್ಪೆಷಲಿ ನೋಟೆಡ್’. ಮತ್ತೆ ಇನ್ನೆರಡು ಪ್ಯಾರಾ, ಇನ್ನೆರಡು ‘ಅಬೌವ್ ಆಲ್’.

ಹೆಂಡತಿಯ ವಿಷಯ? ಛೆ ಛೆ! ಆಫೀಸಿನ ಕಾಗದದಲ್ಲಿ ಬಸಿರಿನ ಮಾತು ಬರೆಯೋದೇ? ಕಟ್ಟಕಡೆಗೆ ‘ಡೊಮೆಸ್ಟಿಕ್ ಸರ್ಕಂಸ್ಟೆನ್ಸಸ್’ ಅಂತ ಎರಡು ಪದ ಗೀಚಿ ಸಹಿ ಹಾಕಿದೆ.

ಗುರುವಾರ ಸಾಹೇಬರು ಕರೆಸಿದರು.

“ಏನ್ರೀ ಇದು? ಸುಣ್ಣಾನೂ ಮುಖ್ಯ, ನೀರೂ ಮುಖ್ಯ, ಸೊಂಟಾನೂ ಮುಖ್ಯ. ನಾನು ಯಾವುದನ್ನ ನೋಡ್ಲಿ? ಇದಕ್ಕೆಲ್ಲ ವರ್ಗ ನಿಲ್ಲಿಸೋಕಾಗಲ್ಲ. ಹೊರಡಿ.”

ಬಾಗಿಲವರೆಗೆ ಬಂದೆ. ಅವಳ ಮುಖ ಕಣ್ಣಮುಂದೆ ಬಂತು. ತಿರುಗಿ ನಿಂತು ಬಡಬಡನೆ ಹೇಳಿಬಿಟ್ಟೆ. “ಮನೇಲಿ ಅವಳಿಗೆ ಎಂಟು ತಿಂಗಳು ಸಾರ್. ಹೋದ ಸಲದ ಮಗು ದಕ್ಕಲಿಲ್ಲ. ನನ್ನ ಬಿಟ್ಟರೆ ಅವಳಿಗೆ ಯಾರೂ ಇಲ್ಲ.”

ಸಾಹೇಬರು ಕನ್ನಡಕ ತೆಗೆದರು. “ಅಯ್ಯೋ ಪುಣ್ಯಾತ್ಮ, ಇದನ್ನ ಯಾಕ್ರೀ ಬರೀಲಿಲ್ಲ?”

“ನಾಚಿಕೆ ಆಯ್ತು ಸಾರ್.”

ಅವರು ಅರ್ಜಿಯ ಅಂಚಿನಲ್ಲಿ ಬರೆದರು, ಅದೂ ಕನ್ನಡದಲ್ಲಿ: ‘ಹೆರಿಗೆಯಾಗಿ ಮೂರು ತಿಂಗಳವರೆಗೆ ವರ್ಗ ಬೇಡ.’ ನನಗೆ ಅಲ್ಲೇ ಕಣ್ಣು ತುಂಬಿತು. ಹೇಳಿಕೊಳ್ಳೋಕೆ ಏನಂತೆ?

ಬಸ್ಸಿಗೂ ಕಾಯದೆ ಮನೆಯವರೆಗೆ ನಡೆದೇ ಬಂದೆ. (ಸೊಂಟ ನೋಯಲಿಲ್ಲ.) ನಡೆದದ್ದನ್ನೆಲ್ಲ ನನ್ನಾಕೆಗೆ ಹೇಳಿದೆ. ಅವಳು ಗೋಡೆಗೊರಗಿ ಕೂತು, “ಸದ್ಯ, ಬದುಕಿಕೊಂಡೆ” ಅಂತ ಉಸಿರು ಬಿಟ್ಟಳು. ಆಮೇಲೆ ನನ್ನನ್ನು ಮೇಲಿಂದ ಕೆಳಗೆ ನೋಡಿದಳು.

“ಒಂಬತ್ತು ತಿಂಗಳು ಹೊರೋಕೆ ನನಗಿಲ್ಲದ ನಾಚಿಕೆ, ಒಂದು ಸಾಲು ಬರೆಯೋಕೆ ನಿಮಗ್ಯಾಕ್ರೀ?”