ಕಾರಿನ ಬಟ್ಟೆ ಚಾವಣಿಯ ಹೊಲಿಗೆ ಸಡಿಲವಾಗಿತ್ತೆಂಬ ಮಾತಿನ ಕುರಿತು

ಮದುವೆಗೆ ಮೊದಲು ಆರು ವರ್ಷ ನಾನು ಉಡುಪಿಯ ಕಚೇರಿಯೊಂದರಲ್ಲಿ ಬೆರಳಚ್ಚುಗಾರ್ತಿಯಾಗಿದ್ದೆ. ಕಚೇರಿ ಪತ್ರದ ಹೊರತು ಬೇರೆ ಬರವಣಿಗೆ ನನಗೆ ಅಭ್ಯಾಸವಿಲ್ಲ. ಆದುದರಿಂದ ಈ ಸಂಗತಿಯನ್ನು ನನಗೆ ತಿಳಿದಿರುವ ಕ್ರಮದಲ್ಲಿಯೇ, ನಡೆದುದನ್ನು ನಡೆದ ಹಾಗೆ, ಓದುವವರ ಗಮನಕ್ಕೆ ತರುತ್ತಿದ್ದೇನೆ. ಬರವಣಿಗೆಯಲ್ಲಿ ತಪ್ಪಿದ್ದರೆ ಮನ್ನಿಸಬೇಕೆಂದು ಕೋರುತ್ತೇನೆ. ಹೊಲಿಗೆಯ ವಿಷಯದಲ್ಲಿ ಮಾತ್ರ ನಾನು ಯಾರ ಕ್ಷಮೆಯನ್ನೂ ಕೋರುವುದಿಲ್ಲ.

ತೊಂಬತ್ತರ ದಶಕದ ಕೊನೆಯಲ್ಲಿ ನಾವು ಮಲೇಷ್ಯಾದ ಸುಬಾಂಗ್ ಜಯಾ ಊರಿನ ಸಾಲುಮನೆಯೊಂದರಲ್ಲಿ ವಾಸವಾಗಿದ್ದೆವು. ನನ್ನ ಯಜಮಾನರು ಖಾಸಗಿ ವೈದ್ಯಕೀಯ ಕಾಲೇಜೊಂದರಲ್ಲಿ ಉಪನ್ಯಾಸಕರು. ನನ್ನ ವೀಸಾದಲ್ಲಿ ನೌಕರಿಗೆ ಅವಕಾಶವಿರಲಿಲ್ಲ. ಪರಿಚಯದ ಐದಾರು ಕನ್ನಡದ ಮನೆಗಳ ಹೆಂಗಸರಿಗೆ ಸ್ನೇಹಕ್ಕಾಗಿ ರವಿಕೆ ಹೊಲಿದುಕೊಡುತ್ತಿದ್ದೆ. ನಾನು ಹೊಲಿದ ರವಿಕೆಯ ಹೊಲಿಗೆಯನ್ನು ಬಿಚ್ಚಿ ಸರಿಪಡಿಸುವ ಪ್ರಮೇಯವೇ ಬರುವುದಿಲ್ಲ ಎಂದು ಅವರೆಲ್ಲ ಹೇಳುತ್ತಿದ್ದರು. ಆ ಊರಿನಲ್ಲಿ ನನಗೆ ನನ್ನದೇ ಎಂದು ಇದ್ದ ಹೆಸರು ಅದೊಂದೇ. ಉಳಿದ ಕಡೆಗಳಲ್ಲಿ ನಾನು ಸಾರ್ ಅವರ ಮಿಸೆಸ್.

ಯಜಮಾನರೂ ಅವರ ಸ್ನೇಹಿತರಾದ ಮಣಿಪಾಲದ ಮೂಳೆ ಡಾಕ್ಟರೊಬ್ಬರೂ ಸೇರಿ ಆ ವರ್ಷ ಕಿಟ್ ಕಾರು ಕಟ್ಟಲು ಹೊರಟರು. ಕಿಟ್ ಕಾರು ಎಂದರೆ ಬಿಡಿ ಭಾಗಗಳಾಗಿ ಪೆಟ್ಟಿಗೆಯಲ್ಲಿ ಬಂದು ಮನೆಯಂಗಳದಲ್ಲಿ ಜೋಡಣೆಯಾಗುವ ಕಾರು. ಹಳೆಯ ಕಾರೊಂದರ ಇಂಜಿನ್, ಫೈಬರಿನ ಹಸಿರು ಮೈ, ಎರಡೇ ಸೀಟು, ತಲೆಯ ಮೇಲೆ ಆಕಾಶ. ಚಾವಣಿಗೆಂದು ಕಂಪನಿಯವರು ಕಳಿಸಿದ್ದುದು ಮಡಿಸುವ ಪೈಪಿನ ಚೌಕಟ್ಟು, ರೆಕ್ಸಿನ್ನಿನಂಥ ದಪ್ಪ ಕಪ್ಪು ಬಟ್ಟೆಯ ಒಂದು ಸುರುಳಿ ಮತ್ತು ಒಂದು ಹಾಳೆ ನಕ್ಷೆ. ಬಟ್ಟೆಯನ್ನು ಕತ್ತರಿಸಿ, ಹೊಲಿದು, ಅಂಚಿಗೆ ಪ್ರೆಸ್ ಬಟನ್ ಹಾಕಿ, ಕಾರಿನ ಮೈಯಲ್ಲಿ ತೂತು ಕೊರೆದು ಕೂರಿಸಿದ ಬಟನ್ನಿನ ಇನ್ನೊಂದು ಅರ್ಧಕ್ಕೆ ಒತ್ತಿ ಸಿಕ್ಕಿಸಬೇಕು. ಕತ್ತರಿ ತಪ್ಪಿದರೆ ಮತ್ತೊಂದು ಸುರುಳಿ ಇರಲಿಲ್ಲ.

ಹೊಲಿಗೆಯ ಹೊಣೆ ನನಗೆ ಬಂತು. ಮನೆಯ ಮೆಷಿನ್ನಿನ ಸೂಜಿ ಆ ಬಟ್ಟೆಗೆ ಇಳಿಯಲಿಲ್ಲ. ಪೆಟಾಲಿಂಗ್ ಜಯಾದಲ್ಲಿ ಕಾರಿನ ಸೀಟುಗಳಿಗೆ ಹೊದಿಕೆ ಹೊಲಿಯುವ ವಯಸ್ಸಾದ ತಮಿಳರೊಬ್ಬರ ಅಂಗಡಿಯಿತ್ತು. ಅವರು ತಮ್ಮ ದೊಡ್ಡ ಮೆಷಿನ್ನನ್ನು ಮೂರು ಶನಿವಾರ ನನಗೆ ಬಿಟ್ಟುಕೊಟ್ಟರು. ಬಟ್ಟೆಯ ತುಂಡುಗಳು ಕೂಡುವ ಪ್ರತಿ ಸಂದಿಗೂ ಎರಡೆರಡು ಸಾಲು ಹೊಲಿಗೆ ಹಾಕಿದೆ. ಕೊನೆಯ ದಿನ ಅವರು ಸಂದಿಯನ್ನು ಎರಡೂ ಕೈಯಿಂದ ಜಗ್ಗಿ ನೋಡಿ, "ನಲ್ಲಾ ಇರುಕ್ಕು ಅಕ್ಕಾ," ಎಂದರು. "ಆನಾ ಮೊದಲ್ಲ ವೆಯಿಲ್ಲ ಪೋಡುಂಗೊ ಲಾ, ಒರು ಮಣಿ ನೇರಂ. ಸೂಡಾನ ಪಿರಗು ದಾನ್ ಬಟನ್." ಚೆನ್ನಾಗಿದೆ, ಆದರೆ ಮೊದಲು ಒಂದು ಗಂಟೆ ಬಿಸಿಲಿಗೆ ಹಾಕಿ, ಬಿಸಿಯಾದ ಮೇಲಷ್ಟೇ ಬಟನ್ ಎಂದು ಅರ್ಥ. ಬಿಸಿಯಾದಾಗ ಬಟ್ಟೆ ಹಿಗ್ಗುತ್ತದೆ. ಹಿಗ್ಗಿದ್ದಾಗ ಎಳೆದು ಕೂರಿಸಿದರೆ ತಣಿದ ಮೇಲೆ ಬಿಗಿಯುತ್ತದೆ. ತಣ್ಣಗಿರುವಾಗ ಕೂರಿಸಿದರೆ ಮಧ್ಯಾಹ್ನಕ್ಕೆ ಜೋಲುತ್ತದೆ.

ಈ ಮಾತನ್ನು ನಾನು ಅದೇ ಸಂಜೆ ಇಬ್ಬರ ಮುಂದೆಯೂ ಹೇಳಿದೆ ಎಂಬುದನ್ನು ಇಲ್ಲಿ ಸ್ಪಷ್ಟಪಡಿಸಲು ಇಚ್ಛಿಸುತ್ತೇನೆ.

"ಬಿಸಿಲಿಗಾ? ಹಪ್ಪಳವಾ ಅತ್ತಿಗೆ, ಒಣಗಿಸ್ಲಿಕ್ಕೆ?" ಎಂದರು ಮೂಳೆ ಡಾಕ್ಟರು.

"ನಕ್ಷೆಯಲ್ಲಿ ಬಿಸಿಲಿನ ಸುದ್ದಿಯೇ ಇಲ್ಲ ಮಾರಾಯ್ತಿ," ಎಂದರು ಯಜಮಾನರು. "ಮೊದಲು ಮುಹೂರ್ತ ನೋಡುವ. ಹೊಸ ಗಾಡಿಗೆ ತೂತು ಕೊರೆಯುದು, ಸುಮ್ಮನೆ ಆಗ್ತದಾ?"

ಅತ್ತೆಯವರು ವರ್ಷವರ್ಷವೂ ಊರಿನಿಂದ ಪಂಚಾಂಗ ಕಳಿಸುತ್ತಿದ್ದರು. ಬರುವ ಭಾನುವಾರ ಒಳ್ಳೆಯ ವೇಳೆ ಇದೆಯೆಂದೂ, ನಮ್ಮ ಗಡಿಯಾರದಲ್ಲಿ ಅದು ಬೆಳಿಗ್ಗೆ ಏಳು ಗಂಟೆ ಹತ್ತು ನಿಮಿಷವೆಂದೂ ಯಜಮಾನರು ತಿಳಿಸಿದರು.

"ಅಷ್ಟು ಬೆಳಿಗ್ಗೆಯಾ?"

"ಊರಿಗೂ ಇಲ್ಲಿಗೂ ಎರಡೂವರೆ ಗಂಟೆ ವ್ಯತ್ಯಾಸ ಉಂಟಲ್ಲ. ಲೆಕ್ಕ ಹಾಕಿಯೇ ಹೇಳಿದ್ದು."

ಆಗ ನಾನು ಪಂಚಾಂಗ ತೆರೆದು ನೋಡಲಿಲ್ಲ. ಈ ಪ್ರಕರಣದಲ್ಲಿ ನನ್ನ ಪಾಲಿನ ಲೋಪ ಅಷ್ಟು ಮಾತ್ರ.

ಮಲೇಷ್ಯಾದಲ್ಲಿ ಏಳು ಗಂಟೆಗೆ ಸರಿಯಾಗಿ ಬೆಳಕೂ ಹರಿದಿರುವುದಿಲ್ಲ. ಪೋರ್ಚಿನ ದೀಪ ಹಾಕಿ, ತೆಂಗಿನಕಾಯಿ ಒಡೆದು, ಏಳು ಹತ್ತಕ್ಕೆ ಡ್ರಿಲ್ ಶುರುವಾಯಿತು. ಬಟ್ಟೆ ಮುಟ್ಟಿದರೆ ತಣ್ಣಗಿತ್ತು. ಬಿಸಿಲಿನ ಮಾತನ್ನು ಇನ್ನೊಮ್ಮೆ ಹೇಳಿದೆ. "ಟೈಮ್ ಮೀರ್ತದೆ, ಈ ಮೂಲೆ ಹಿಡ್ಕೊ," ಎಂದರು ಯಜಮಾನರು. ಹಿಡಿದುಕೊಂಡೆ. ಹದಿನಾಲ್ಕು ತೂತು, ಹದಿನಾಲ್ಕು ಬಟನ್. ಬಟ್ಟೆಗೆ ಹಾಕಿದ ಹೊಲಿಗೆಯನ್ನು ಬಿಚ್ಚಬಹುದು. ಫೈಬರಿಗೆ ಕೊರೆದ ತೂತನ್ನು ಬಿಚ್ಚಲಾಗುವುದಿಲ್ಲ. ಎಂಟು ಗಂಟೆಗೆ ಫೋಟೊ ತೆಗೆದುಕೊಂಡರು. ಆಗ ಚಾವಣಿ ಚೆನ್ನಾಗಿಯೇ ಕಾಣುತ್ತಿತ್ತು.

ಹನ್ನೆರಡರ ಬಿಸಿಲಿಗೆ ಅದು ಜೋಲತೊಡಗಿತು. ನಾಲ್ಕು ಗಂಟೆಗೆ ಎಂದಿನಂತೆ ಮಳೆ ಬಂತು. ಚಾವಣಿಯ ನಡುವೆ ಪರಾತದಲ್ಲಿ ನಿಂತ ಹಾಗೆ ನೀರು ನಿಂತು, ಅಂಚಿನಿಂದ ಚಾಲಕನ ಸೀಟಿನ ಮೇಲೆ ಸುರಿಯಿತು.

ಮೂಳೆ ಡಾಕ್ಟರು ಕೊಡೆ ಹಿಡಿದು ಕಾರಿನ ಸುತ್ತ ಒಂದು ಸುತ್ತು ಬಂದರು. ರೋಗಿಯನ್ನು ನೋಡುವ ಗಾಂಭೀರ್ಯದಿಂದ ಬೆರಳಿನಲ್ಲಿ ಬಟ್ಟೆಯನ್ನು ಮೀಟಿದರು. "ಸೈಡಿನ ಹೊಲಿಗೆ ಸ್ವಲ್ಪ ಲೂಸ್ ಬಿಟ್ಟಿದ್ದೀರಿ ಅತ್ತಿಗೆ. ಅರ್ಧ ಇಂಚು ಒಳಗೆ ಹಿಡಿದ್ರೆ ಆಯ್ತು, ದೊಡ್ಡ ವಿಷಯ ಅಲ್ಲ."

ನಾನು ಯಜಮಾನರ ಮುಖ ನೋಡಿದೆ. ಬಿಸಿಲಿನ ಮಾತನ್ನು ಎರಡು ಸಲ ಕೇಳಿಸಿಕೊಂಡವರು ಅವರು. ಒಂದು ಒರೆಸುಬಟ್ಟೆ ತಂದು ಸೀಟು ಒರೆಸಲು ಕುಳಿತರು. ಡಾಕ್ಟರ ಮಾತಿಗಿಂತ ಆ ಒರೆಸುವುದೇ ನನ್ನನ್ನು ಹೆಚ್ಚು ಉರಿಸಿತು.

ಎರಡೇ ದಿನದಲ್ಲಿ ಡಾಕ್ಟರ ಹೆಂಡತಿಯ ಫೋನು ಬಂತು. ಅವರು ಧಾರವಾಡದವರು. "ಏನ್ರೀ, ಕಾರಿನ ಟಾಪ್ ಲೂಸ್ ಹೊಲದೀರಂತಲ್ಲ? ಇರ್ಲಿ ಬಿಡ್ರಿ. ಬ್ಲೌಸ್ ಬ್ಯಾರೆ, ಕಾರ್ ಬ್ಯಾರೆ. ನಾ ಎಲ್ಲಾರಿಗೂ ಅದನ್ನ ಹೇಳೇನಿ." ಎಲ್ಲರಿಗೂ ಹೇಳಿದ್ದರು. ಅದೇ ವಾರ ಇನ್ನೊಂದು ಮನೆಯವರು ಬಂದು, ರವಿಕೆಗೆಂದು ಕೊಟ್ಟಿದ್ದ ರೇಷ್ಮೆ ಕಣವನ್ನು ವಾಪಸು ತೆಗೆದುಕೊಂಡು ಹೋದರು. ಅರ್ಜೆಂಟ್ ಇಲ್ಲವಂತೆ, ಊರಿಗೆ ಹೋದಾಗ ಹೊಲಿಸಿಕೊಳ್ಳುತ್ತಾರಂತೆ.

ಸಂದಿಯನ್ನು ಅರ್ಧ ಇಂಚು ಒಳಗೆ ಹಿಡಿಯುವುದು ನನಗೆ ಒಂದು ಮಧ್ಯಾಹ್ನದ ಕೆಲಸ. ಹಿಡಿದಿದ್ದರೆ ಚಾವಣಿ ಬಿಗಿಯಾಗುತ್ತಿತ್ತು, ಮನೆಯಲ್ಲಿ ಶಾಂತಿಯೂ ಇರುತ್ತಿತ್ತು. ಹಾಗೆ ಮಾಡಿದರೆ ತಪ್ಪು ನನ್ನದೆಂದು ನಾನೇ ರುಜು ಹಾಕಿಕೊಟ್ಟಂತೆ. ನಾನು ಒಪ್ಪಲಿಲ್ಲ. ಹತ್ತು ದಿನ ಕಾರು ಪ್ಲಾಸ್ಟಿಕ್ ಹೊದ್ದುಕೊಂಡು ನಿಂತಿತು.

"ಅರ್ಧ ಇಂಚಿಗೆ ಇಷ್ಟು ಹಟ ಎಂತಕ್ಕೆ?" ಎಂದು ಯಜಮಾನರು ಊಟಕ್ಕೆ ಕುಳಿತಾಗ ಕೇಳಿದರು.

"ಆ ಅರ್ಧ ಇಂಚು ನನ್ನದಲ್ಲ, ಅದಕ್ಕೆ. ನಿಮ್ಮ ತೂತುಗಳನ್ನು ಮುಚ್ಚಿ, ಬಟ್ಟೆ ಕಾಯಿಸಿ, ಬೇರೆ ತೂತು ಕೊರೆಯಿರಿ."

"ಹೊಸ ಗಾಡಿಗೆ ತೇಪೆ ಹಾಕ್ಲಿಕ್ಕುಂಟಾ?"

"ಹೊಸ ಹೊಲಿಗೆ ಬಿಚ್ಚಲಿಕ್ಕುಂಟಾ?"

ಹನ್ನೊಂದನೆಯ ದಿನ ಅವರು ಊರಿಗೆ ಫೋನ್ ಮಾಡಲು ಹೊರಟಾಗ ಗೋಡೆಯ ಗಡಿಯಾರ ನೋಡಿ, ಅಲ್ಲಿ ಏನು ಹೊತ್ತಾಗಿರಬಹುದೆಂದು ಬಾಯಲ್ಲೇ ಎರಡೂವರೆ ಗಂಟೆ ಕಳೆದು ಲೆಕ್ಕ ಹಾಕಿದರು. ನಾವೆಲ್ಲರೂ ಬಂದ ದಿನದಿಂದ ಮಾಡುತ್ತಿದ್ದ ಲೆಕ್ಕವೇ ಅದು. ನಾನು ಎದ್ದು ಹೋಗಿ ಪಂಚಾಂಗ ತೆಗೆದೆ. ಊರಿನ ಪಂಚಾಂಗದಲ್ಲಿದ್ದ ವೇಳೆ ಒಂಬತ್ತು ನಲವತ್ತು. ಊರಿನ ಹೊತ್ತನ್ನು ಇಲ್ಲಿಗೆ ತರುವಾಗ ಎರಡೂವರೆ ಗಂಟೆ ಕೂಡಿಸಬೇಕಿತ್ತು. ಅವರು ರೂಢಿಯಂತೆ ಕಳೆದಿದ್ದರು. ಆ ಮುಹೂರ್ತ ನಮ್ಮ ಗಡಿಯಾರದಲ್ಲಿ ಮಧ್ಯಾಹ್ನ ಹನ್ನೆರಡು ಹತ್ತಕ್ಕಿತ್ತು. ಬಟ್ಟೆ ಮುಟ್ಟಿದರೆ ಕೈ ಸುಡುವ ಹೊತ್ತು.

ಇಷ್ಟನ್ನೂ ಒಂದು ಹಾಳೆಯಲ್ಲಿ ಕ್ರಮವಾಗಿ ಬರೆದು ಊಟದ ಹೊತ್ತಿಗೆ ಅವರ ತಟ್ಟೆಯ ಪಕ್ಕ ಇಟ್ಟೆ. ಅವರು ಎರಡು ಸಲ ಓದಿದರು. ಕಿವಿ ಕೆಂಪಾಯಿತು. ಎದ್ದು ಮೂಳೆ ಡಾಕ್ಟರಿಗೆ ಫೋನ್ ಮಾಡಿದರು. ಆ ಮಹನೀಯರು ಅರ್ಧ ಗಂಟೆಯಲ್ಲಿ ಮನೆಗೇ ಬಂದರು.

"ನೋಡಿದ್ರಾ ಅತ್ತಿಗೆ," ಎಂದರು, ಗೆದ್ದವರ ಹಾಗೆ. "ಮುಹೂರ್ತ ತಪ್ಪಿದ್ದು. ಅದಕ್ಕೇ ಜೋತದ್ದು."

ನನ್ನ ಹೊಲಿಗೆಯ ಮೇಲಿದ್ದ ದೂರು ಗ್ರಹಗತಿಗೆ ವರ್ಗಾವಣೆಯಾಗಿತ್ತು. ತೂತು ಕೊರೆದ ಕೈಗೆ ಮಾತ್ರ ಆಗಲೂ ತಪ್ಪು ಅಂಟಲಿಲ್ಲ.

ಮುಂದಿನ ಒಳ್ಳೆಯ ವೇಳೆಯೂ ಕೂಡಿಸಿ ನೋಡಿದಾಗ ನಡು ಮಧ್ಯಾಹ್ನಕ್ಕೇ ಬಂತು. ನಾನು ಯಾರ ಅನುಮತಿಯನ್ನೂ ಕೇಳದೆ ಹನ್ನೊಂದು ಗಂಟೆಗೇ ಚಾವಣಿಯನ್ನು ಬಿಸಿಲಿಗೆ ಹರಡಿದೆ. ಹಳೆಯ ತೂತುಗಳಿಗೆ ಫೈಬರಿನ ಪುಟ್ಟಿ ತುಂಬಿ ಉಜ್ಜಿಯಾಗಿತ್ತು. ಕಾದ ಬಟ್ಟೆಯನ್ನು ಮೂವರೂ ಎಳೆದು ಹಿಡಿದಾಗ ಪ್ರತಿ ಬಟನ್ನೂ ಹಳೆಯ ಗುರುತಿಗಿಂತ ಅರ್ಧ ಇಂಚು ಕೆಳಗೆ ಬಂತು. ಅಲ್ಲೇ ಹೊಸ ತೂತು ಕೊರೆದು ಕೂರಿಸಿದೆವು. ಸಂಜೆಗೆ ಚಾವಣಿ ಚೆಂಡೆಯ ಹಾಗೆ ಬಿಗಿದಿತ್ತು. ಮಳೆ ಅದರ ಮೇಲೆ ನಿಲ್ಲದೆ ಜಾರಿತು. ನನ್ನ ಹೊಲಿಗೆಯಲ್ಲಿ ಒಂದು ನೂಲನ್ನೂ ಬಿಚ್ಚಿರಲಿಲ್ಲ.

ಮರು ಭಾನುವಾರ ಪರಿಚಯದ ಮನೆಯವರೆಲ್ಲ ಕಾರು ನೋಡಲು ಬಂದರು. ರೇಷ್ಮೆ ಕಣ ವಾಪಸು ಒಯ್ದವರೂ ಇದ್ದರು. ಡಾಕ್ಟರ ಹೆಂಡತಿ ಎಲ್ಲರಿಗೂ ವಿವರಿಸುತ್ತಿದ್ದರು: "ಮುಹೂರ್ತ ತಪ್ಪಿತ್ತಂತ್ರಿ, ಅದಕ್ಕ ಲೂಸ್ ಆಗಿತ್ತು. ಈಗ ಹೊಲಿಗಿ ಬಿಗಿ ಮಾಡ್ಯಾರ."

"ಹೊಲಿಗೆಯನ್ನು ನಾನು ಮುಟ್ಟಿಲ್ಲ," ಎಂದೆ. "ಏನಾಯಿತೆಂದು ಇವರೇ ಹೇಳಲಿ."

ಯಜಮಾನರು ಬಾಗಿಲ ಬಳಿ ನಿಂತಿದ್ದರು. ಒಮ್ಮೆ ಡಾಕ್ಟರ ಕಡೆ, ಒಮ್ಮೆ ನನ್ನ ಕಡೆ ನೋಡಿದರು. "ಹೊಲಿಗೆ ಮೊದಲಿಂದ ಸರಿಯೇ ಇತ್ತು," ಎಂದರು, ಅಂಗಿಯ ಗುಂಡಿಗೆ ಹೇಳುವ ಹಾಗೆ. "ಬಿಸಿಲಿಗೆ ಹಾಕಿ ಅಂತ ಇವಳು ಹೇಳಿದ್ಲು. ನಾವು ಕೇಳ್ಲಿಲ್ಲ."

"ಸ್ವಲ್ಪ ಗಟ್ಟಿಯಾಗಿ ಹೇಳಿ," ಎಂದೆ. "ಗೇಟಿನ ಹತ್ತಿರ ಇದ್ದವರಿಗೆ ಕೇಳಲಿಲ್ಲ."

ಅವರು ಗಂಟಲು ಸರಿಮಾಡಿಕೊಂಡು ಇನ್ನೊಮ್ಮೆ ಹೇಳಿದರು.